ಸೆಲ್ಮರನ ದಿಬ್ಬ

ದೂರದ ಬೆಟ್ಟ ನುಣ್ಣಗೆ, ಹತ್ತಿರದ ಬೆಟ್ಟ ಕಾಣುವುದೇ ಇಲ್ಲ. ಗಾದೆ ಕೆಟ್ಟಿರಬಹುದು, ಕತೆ ಮಾತ್ರ ನಿಜ. ಬೇಕಾದರೆ ಊರಿನ ಬಸ್ಸು ಓಡಿಸುವ ಮಿಲೋನನ್ನು ಕೇಳಿ. ಆಗ ಅವನು ಚರ್ಚಿನ ಹಿಂಬದಿಯಲ್ಲಿ ಭಕ್ತಿಯಿಂದ ಮಂಡಿಯೂರಿ, ಕರಿ ಕೋಟಿನ ತೋಳು ಮಡಚಿ, ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದ.

ಇಬ್ಬರು ಒಟ್ಟಿಗೆ ತುಳಿಯುವ ಆ ಜೋಡಿ ಸೈಕಲ್ಲು ಸತ್ತ ಸೆಲ್ಮರನದು. ಮುಂದಿನ ಸೀಟು ಅವನದು, ಹಿಂದಿನದು ಕಣ್ಣು ಕಾಣದ ಅವನ ಹೆಂಡತಿ ಆರ್ಡಿಸಳದು. ಇವತ್ತು ಸೆಲ್ಮರ್ ಸೀಟಿಗಿಂತಲೂ ಮುಂದೆ, ಬುಟ್ಟಿಯೊಳಗಿದ್ದ, ಮುಚ್ಚಳ ಬಿಗಿದ ಡಬ್ಬಿಯಲ್ಲಿ ಬೂದಿಯಾಗಿ.

“ಎಲ್ಲಾರೂ ಕಾರಲ್ಲಿ ಹೊರಟಿದಾರೆ, ನೀನೂ ಬಾರೆ,” ಎಂದಳು ಸೆಲ್ಮರನ ಅಕ್ಕ ಬೋರ್ಗಿಲ್ಡ್. ಚರ್ಚಿನ ನೆಲಮಾಳಿಗೆಯಲ್ಲಿ ಬಡಿಸಿದ ಊಟದ ಹ್ಯಾಮ್ ಬನ್ನು ಇನ್ನೂ ಅವಳ ಕೈಯಲ್ಲಿತ್ತು. “ಸ್ಮಶಾನಕ್ಕೆ ಯಾವ ದಾರೀಲಿ ಹೋದ್ರೇನು?”

“ಕಾರಲ್ಲಿ ಹೋದ್ರೆ ದಿಬ್ಬ ಸಿಗಲ್ವಲ್ಲ,” ಎಂದಳು ಆರ್ಡಿಸ್. “ಆ ದಿಬ್ಬಾನ ಅವ್ನು ನಾನಿಲ್ದೆ ಒಂದ್ಸಲಾನೂ ಹತ್ತಿಲ್ಲ. ಕಣ್ಣು ಹೋದಾಗಿಂದ ಕಾಫಿ ಬಗ್ಗಿಸ್ಕೊಳೋಕೂ ನನ್ನ ಬಿಡಲ್ಲ ನೀವು. ಅದೊಂದ್ ಕೆಲ್ಸ ನಂದು. ಇವತ್ತೂ ನಾನೇ ಹತ್ತಿಸ್ಬೇಕು.”

ಮಿಲೋ ತಲೆಯೆತ್ತಿದ. ದಿಬ್ಬವೇ? ಹಳೆಯ ರೈಲಿನ ಹಳಿ ಕಿತ್ತು ಡಾಂಬರು ಹಾಕಿದ ಸೈಕಲ್ ದಾರಿ ಅದು. ಕಾಡು, ಜೌಗು, ಮತ್ತೆ ಕಾಡು; ಉದ್ದಕ್ಕೂ ಮೇಜಿನ ಹಾಗೆ ಮಟ್ಟಸ.

ಬೋರ್ಗಿಲ್ಡ್ ಅವನ ತೋಳು ಹಿಡಿದು ಪಕ್ಕಕ್ಕೆಳೆದಳು. “ಏನೋ ಅದು ದಿಬ್ಬ?”

“ನಂಗೇನ್ ಗೊತ್ತು? ದುಃಖ, ಪಾಪ. ಸುಮ್ನಿರು.”

“ಸುಮ್ನಿದ್ದೂ ಇದ್ದೂ ಸಾಕಾಗಿದೆ. ಎದೆ ಕೆಟ್ಟಿದೆ, ಸೈಕಲ್ ಬಿಡು ಅಂತ ಡಾಕ್ಟರು ಎರಡು ವರ್ಷದ ಹಿಂದೇನೇ ಅವ್ನಿಗೆ ಹೇಳಿದ್ರು. ಇವಳಿಗೆ ಹೇಳಕೂಡ್ದು ಅಂತ ನನ್ನ ಬಾಯಿಗೆ ಬೀಗ ಹಾಕ್ಸಿದ್ದ. ಈಗ ಕೀಲಿಕೈ ಬುಟ್ಟೀಲಿ ಕೂತಿದೆ.”

*

ಆರ್ಡಿಸಳ ಕಣ್ಣು ಹೋದಮೇಲೆ ದಾರಿಗೆ ಡಾಂಬರು ಬಿದ್ದದ್ದು. ಅವಳು ಅದನ್ನು ಕಂಡದ್ದೇ ಕಿವಿ ಮೂಗುಗಳಿಂದ. ಮರದ ಸೇತುವೆ ಗಡಗಡ ಎನ್ನಬೇಕು, ಕಪ್ಪೆಗಳ ಗದ್ದಲ ಹಿಂದಾಗಬೇಕು, ಪೈನ್ ಮರಗಳ ಅಂಟುವಾಸನೆ ಬರಬೇಕು. ಆಗ ಸೆಲ್ಮರ್ ಕೂಗುವನು:

“ದಿಬ್ಬ ಬಂತು ಕಣೇ! ಒತ್ತು!”

“ರೈಲುದಾರೀಲಿ ದಿಬ್ಬ ಎಲ್ಲಿಂದ ಬರುತ್ತೋ?”

“ನೆಲ ಉಬ್ಬಿದೆ. ಚಳಿಗಾಲದ ಹಿಮ ಜೌಗುನೆಲಾನ ಹೇಗೆ ಎತ್ತುತ್ತೆ ಅಂತ ನಿಂಗೊತ್ತಿಲ್ವಾ? ರೈಲೇ ಇಲ್ಲಿ ಹೀಗೆ ಏದುಸಿರು ಬಿಡ್ತಿತ್ತು, ಕೇಳು.”

ಛುಕ್… ಛುಕ್… ಪಾದ್ರಿಯ ಕೆಮ್ಮಿನಿಂದ ಹಿಡಿದು ಮಿಲೋನ ಬಸ್ಸಿನ ಬ್ರೇಕಿನವರೆಗೆ ಊರಿನ ಸದ್ದನ್ನೆಲ್ಲ ಗಂಟಲಲ್ಲಿಟ್ಟುಕೊಂಡವನಿಗೆ ಎಂಜಿನ್ ಯಾವ ಲೆಕ್ಕ? ಪೆಡಲು ನಿಜಕ್ಕೂ ಭಾರವಾಗುತ್ತಿತ್ತು. ಆರ್ಡಿಸ್ ಬೆವರಿಳಿಸಿ ತುಳಿಯುತ್ತಿದ್ದಳು.

“ಯಾರ ಹತ್ರಾನೂ ಬಾಯಿಬಿಡ್ಬೇಡ ಮಾರಾಯ್ತಿ. ಹೆಂಡ್ತಿ ಕಾಲಲ್ಲಿ ದಿಬ್ಬ ಹತ್ತೋನು ಅಂದ್ರೆ ನನ್ನ ಮಾನ ಏನಾಗ್ಬೇಕು?”

ಅವಳು ಬಾಯಿಬಿಡಲಿಲ್ಲ. ವರ್ಷ ಕಳೆದಂತೆ ದಿಬ್ಬ ಬೆಳೆಯಿತು. ಕೊನೆಯ ಬೇಸಿಗೆಯಲ್ಲಿ ಅದು ಸೇತುವೆಗೂ ಮೊದಲೇ ಶುರುವಾಗುತ್ತಿತ್ತು. ಛುಕ್ ಛುಕ್ ಕೂಡ ಎಷ್ಟು ಚೆನ್ನಾಗಿ ಬರುತ್ತಿತ್ತೆಂದರೆ, ಅವಳು ಒಂದು ಕೈ ಬಿಟ್ಟು ಅವನ ಬೆನ್ನು ತಟ್ಟಿ ಶಭಾಸ್ ಎನ್ನುತ್ತಿದ್ದಳು.

*

ಸೇತುವೆ ಗಡಗಡ ಎಂದಿತು. ಕಪ್ಪೆಗಳು ಹಿಂದಾದವು. ಅಂಟುವಾಸನೆ ಬಂತು. ಆರ್ಡಿಸ್ ಹಲ್ಲು ಕಚ್ಚಿ ಒತ್ತಿದಳು, ಮುಂದಿನ ಸೀಟಿನಲ್ಲಿ ಮಿಲೋನೂ ಒತ್ತುತ್ತಿದ್ದ. ಸೈಕಲ್ಲು ಬಾಣದ ಹಾಗೆ ಹಾರಿತು.

“ಮಿಲೋ, ದಾರಿ ತಪ್ಪಿದ್ಯಾ?”

“ಇಲ್ವಲ್ಲ.”

“ಮತ್ತೆ ದಿಬ್ಬ?”

“ಬರುತ್ತೆ, ಮುಂದೆ,” ಎಂದ ಮಿಲೋ, ಬೇರೆ ಏನೂ ತೋಚದೆ.

ಹಿಂದಿನಿಂದ ಗಂಟೆ ಕೇಳಿಸಿತು. “ಎಡಗಡೆಯಿಂದ ದಾಟ್ತಿದೀನಿ!” ಎಂದು ಯಾರೋ ಅಪರಿಚಿತ ಸಿಳ್ಳೆ ಹಾಕುತ್ತ ದಾಟಿಹೋದ.

“ನಿಲ್ಸು,” ಎಂದಳು ಆರ್ಡಿಸ್. “ದಿಬ್ಬ ಹತ್ತುವಾಗ ಯಾರು ಸಿಳ್ಳೆ ಹಾಕ್ತಾರೆ?”

ಇಳಿದು, ಕೂತು, ಅಂಗೈಯನ್ನು ಡಾಂಬರಿನ ಮೇಲೆ ಹಿಂದಕ್ಕೂ ಮುಂದಕ್ಕೂ ಸವರಿದಳು. ಕಾರು ಬಿಟ್ಟು ಮೂರು ಗಾಲಿಯ ಸೈಕಲ್ಲಿನಲ್ಲಿ ಹಿಂದೆ ಬರುತ್ತಿದ್ದ ಬೋರ್ಗಿಲ್ಡ್ ಅಷ್ಟರಲ್ಲಿ ಬಂದು ತಲುಪಿದಳು.

“ಇಲ್ಲಿ ದಿಬ್ಬಾನೇ ಇಲ್ಲ ಆರ್ಡಿಸ್,” ಎಂದ ಮಿಲೋ. “ಯಾವತ್ತೂ ಇರ್ಲಿಲ್ಲ.”

“ಅಂದ್ರೆ ಅವ್ನು ಆರಾಮಾಗಿ ಕೂತು ನನ್ನ ಕೈಲಿ ತುಳಿಸ್ತಿದ್ದ.” ಅವಳ ದನಿ ಸಣ್ಣದಾಯಿತು. “ಕುರುಡಿ ಜೊತೆ ಆಟ. ನನ್ನ ಕೆಲ್ಸ ಅಂದ್ಕೊಂಡಿದ್ದೂ ಆಟಾನೇ.”

ಬೋರ್ಗಿಲ್ಡಳಿಗೆ ತಡೆಯಲಾಗಲಿಲ್ಲ. “ಮೊದ್ಲು ಆಟ ಇತ್ತೋ ಏನೋ. ಈ ಎರಡು ವರ್ಷ ಅವನೆದೇಲಿ ಜೀವಾನೇ ಇರ್ಲಿಲ್ಲ ಕಣೇ. ಹೇಳಿದ್ರೆ ಅವಳು ಸೈಕಲ್ ಹತ್ತಲ್ಲ, ಮನೇಲೇ ಕೂತ್ಬಿಡ್ತಾಳೆ ಅಂದ.”

“ಮತ್ತೆ ಆ ಛುಕ್ ಛುಕ್?”

“ಅದು ರೈಲಲ್ಲ.”

ಮಿಲೋ ಆರ್ಡಿಸಳ ಭುಜದತ್ತ ಚಾಚಿದ ಕೈಯನ್ನು ಅರ್ಧದಲ್ಲೇ ಹಿಂದಕ್ಕೆ ತಂದು, ಬೇಕಿಲ್ಲದಿದ್ದರೂ ಬ್ರೇಕಿನ ತಂತಿ ಸರಿಮಾಡಿದ. ಈಗ ಯಾರಿಂದಲೂ ಏನೂ ಆಗುವಂತಿರಲಿಲ್ಲ.

ಆರ್ಡಿಸ್ ತಡವುತ್ತ ಎದ್ದು ಬುಟ್ಟಿ ಹುಡುಕಿ ಡಬ್ಬಿಯ ಮೇಲೆ ಬೆರಳಿನಿಂದ ಕುಟ್ಟಿದಳು. “ಉಸಿರು ನಿಲ್ತಿದ್ರೂ ಮಿಮಿಕ್ರಿ! ಅದಕ್ಕೆ ನಾನು ಬೆನ್ನು ತಟ್ಟಿ ಶಭಾಸ್ ಬೇರೆ!”

ಹಿಂದಿನ ಸೀಟಿಗೆ ಹತ್ತಿದಳು. “ನಡಿ ಮಿಲೋ. ಒತ್ಬೇಡ.”

“ಏನು?”

“ಕಾಲು ಸುಮ್ನೆ ಇಟ್ಕೋ. ದಿಬ್ಬ ಬರ್ಲಿ.”

ಮಿಲೋ ಕಾಲು ಸಡಿಲಬಿಟ್ಟ. ಪೆಡಲು ಭಾರವಾಯಿತು. ಮೇಜಿನಂಥ ಆ ದಾರಿಯಲ್ಲಿ ಮುದುಕಿಯೊಬ್ಬಳು ಸೀಟಿನಿಂದ ಅರ್ಧ ಎದ್ದು, ಇಬ್ಬರು ಗಂಡಸರನ್ನು ಎಳೆಯತೊಡಗಿದಳು. ಛುಕ್… ಛುಕ್… ಎಂದಳು. ಎರಡು ಛುಕ್ಕಿಗೇ ಅವಳಿಗೆ ನಗು ಬಂತು. ಹಿಂದೆ ಬೋರ್ಗಿಲ್ಡಳ ಅಳು, ಮುಂದೆ ತಿರುಗಿ ನೋಡಲಾಗದ ಮಿಲೋ, ಬುಟ್ಟಿಯಲ್ಲಿ ಕುಲುಕುವ ಡಬ್ಬಿ. ಜೌಗಿನ ಕಪ್ಪೆಗಳೆಲ್ಲ ಗಪ್‌ಚಿಪ್ಪಾಗುವಷ್ಟು ಜೋರಾಗಿ ಆರ್ಡಿಸ್ ನಗುತ್ತಿದ್ದಳು, ತುಳಿಯುತ್ತಿದ್ದಳು.