ಮಂಡಿ ಊರಿದ ಮೇಲೆ

ನೆಲದ ಥಂಡಿ ಉದ್ದಂಗಿ ದಾಟಿ ತಾಗಿದಾಗಲೇ ನಬುಕೀರಾಗೆ ಗೊತ್ತಾದದ್ದು, ಅಯ್ಯೋ, ಊರಿಬಿಟ್ಟೆನಲ್ಲ, ಡಾಕ್ಟರ ಮುಂದೆ ಮಂಡಿ ಊರಿಬಿಟ್ಟೆನಲ್ಲ — ನಮ್ಮ ಬುಗಾಂಡ ಸೀಮೆಯ ಹೆಂಗಸು ದೊಡ್ಡವರಿಗೆ ನಿಂತುಕೊಂಡು ನಮಸ್ಕಾರ ಹೇಳುತ್ತಾಳೆಯೇ, ಅವ್ವ ಕಲಿಸಿದ್ದು, ಅತ್ತೆ ಗದರಿ ಗಟ್ಟಿ ಮಾಡಿದ್ದು, ಮೈ ತಾನಾಗಿ ಬಗ್ಗಿತು, ಒಳಗೇನೋ ಲಟಕ್ಕೆಂದಿತು, ಆದರೂ ಮುಖದಲ್ಲಿ ನಗು, ಹೆಂಗಿದ್ದೀರಿ ಸ್ವಾಮಿ, ಮನೆ ಕಡೆ ಎಲ್ಲ ಚೆನ್ನಾಗಿದ್ದಾರಾ — ಹೊರದೇಶದ ಡಾಕ್ಟರು, ಕೀಲುನೋವಿಗೆ ಇಡೀ ಜಿಲ್ಲೆಗೆ ಇವರೊಬ್ಬರೇ, ಮೂರು ತಿಂಗಳಿಗೊಮ್ಮೆ ಬರುವವರು, ಅರೆಬರೆ ಕಲಿತ ನಮ್ಮ ಮಾತಿನಲ್ಲಿ ಅಂದರು, ಭೇಷ್ ಅಜ್ಜಿ, ಮಂಡಿ ಎಷ್ಟು ಚೆನ್ನಾಗಿ ಬಗ್ಗುತ್ತೆ, ಗುಣ ಆಗಿದೆ ನಿಮಗೆ, ಇಂಜೆಕ್ಷನ್ ಬೇಡ, ಇರೋದೇ ಸ್ವಲ್ಪ, ಬಗ್ಗೋಕಾಗದವರಿಗೆ ಕೊಡ್ತೀನಿ.

ಗುಣ ಆಗಿದೆಯಂತೆ! ನಸುಕಿನಲ್ಲೇ ಬಾಡಿಗೆ ಬೈಕಿನ ಹಿಂದೆ ಕೂತು, ಗುಂಡಿ ಸಿಕ್ಕಾಗಲೆಲ್ಲ ಹಲ್ಲು ಕಚ್ಚಿ ಬಂದದ್ದು ಇದಕ್ಕಾ, ಬಾಳೆಕಾಯಿ ಸುಲಿಯಲು ಚಾಕು ಹಿಡಿಯಲಾಗದ ಬೆರಳು ಇವು, ಮುದ್ದೆ ಮಾಡಿ ಉಣ್ಣಿಸುವವಳು ಸೊಸೆ, ಎತ್ತಿ ನಿಲ್ಲಿಸುವವಳೂ ಸೊಸೆ, ಅವಳು ಹೊರಡುವಾಗಲೇ ಬಡಕೊಂಡಳು, ಅತ್ತೆ, ಅಲ್ಲಿ ಬಗ್ಗೋಕೆ ಹೋಗ್ಬೇಡಿ, ಅವರಿಗೆ ನಮ್ಮ ರೀತಿ ತಿಳಿಯಲ್ಲ — ಹೋಗೇ, ಅಂಥ ಮನುಷ್ಯನ ಮುಂದೆ ಕಂಬದ ಹಾಗೆ ನಿಲ್ಲಲಾ — ಹೇಳು ನಬುಕೀರಾ, ಈಗಲಾದರೂ ಹೇಳು, ಇದು ಗುಣ ಅಲ್ಲ ಸ್ವಾಮಿ, ಬರೀ ಮರ್ಯಾದೆ, ಆದರೆ ದೊಡ್ಡವರಿಗೆ ನೀವು ತಪ್ಪು ಅನ್ನುವುದು ಹೇಗೆ, ನಾಲಿಗೆ ಏಳುವುದಿಲ್ಲ, ಮಂಡಿಯೂ ಏಳುವುದಿಲ್ಲ, ನೋವು ತೊಡೆಗೆ ಹತ್ತಿ ಉಸಿರು ಹಿಡಿದುಬಿಟ್ಟಿದೆ, ನರ್ಸು ಕಾಗದದಿಂದ ಕಣ್ಣೆತ್ತದೆ, ಅಜ್ಜಿ, ಇಲ್ಲಿನ ಆರೈಕೆ ತೃಪ್ತಿ ಆಯ್ತಾ, ಎಲ್ಲರನ್ನೂ ಕೇಳ್ಬೇಕು, ಬೇಗ ಹೇಳಿ — ಡಾಕ್ಟರು ನಗುತ್ತಾರೆ, ಕೇಳೋದೇನು, ನೋಡು, ಸಂತೋಷಕ್ಕೆ ಇನ್ನೂ ಎದ್ದೇ ಇಲ್ಲ, ತುಂಬಾ ತೃಪ್ತಿ ಅಂತ ಬರ್ಕೋ, ಮುಂದಿನವರು ಬನ್ನಿ — ಎತ್ತಿ, ಯಾರಾದರೂ ಎತ್ತಿ, ಮೇಜಿನ ಕಾಲಿಗೆ ಚಾಚಿದ ಬೆರಳು ಮಡಚುವುದಿಲ್ಲ, ಬಾಗಿಲಲ್ಲಿ ಕೋಲೂರಿಕೊಂಡು ಯಾವಳೋ ಮುದುಕಿ, ಊದಿದ ಕಾಲು, ಡಾಕ್ಟರನ್ನು ನೋಡಿದಳು, ನೆಲದ ಮೇಲಿರುವ ನನ್ನನ್ನೂ ನೋಡಿದಳು, ನಾಚಿಕೊಂಡವಳಂತೆ ಕೋಲನ್ನು ಗೋಡೆಗೆ ಒರಗಿಸುತ್ತಿದ್ದಾಳೆ, ಬೇಡ ಕಣೇ, ತಾಯಿ, ಊರಬೇಡ ಕಣೇ, ಬಾಯಿ ತೆರೆದರೆ ಬರೀ ಗಾಳಿ, ಇಳಿಯುತ್ತಿವೆ, ಸಿಮೆಂಟಿನ ಕಡೆಗೆ ಮೆಲ್ಲಗೆ ಇಳಿಯುತ್ತಿವೆ, ಊದಿದ ಎರಡು ಮಂಡಿ —