ಹತ್ತು ಅಂಕದ ಪ್ರಶ್ನೆ

ಬಲಗೈ ಅಂಗಿಯ ತೋಳಿನೊಳಗೆ ಹೋಗಲೊಲ್ಲದು. ತಮ್ಮ ಎರಡು ಸಲ ಎಳೆದ. ಮೂರನೆಯ ಸಲಕ್ಕೆ ಹೊಲಿಗೆ ಚರ್ ಎಂದಿತು.

“ಅಕ್ಕ, ಬೆನ್ನಲ್ಲಿ ಕತ್ತರಿಸಿಬಿಡೋಣ. ಮೇಲೆ ಹೊದಿಸಿದ್ರೆ ಯಾರಿಗೆ ಕಾಣುತ್ತೆ.”

“ಕತ್ತರಿ ಮುಟ್ಟಬೇಡ. ಸರಿ ಆ ಕಡೆ.”

ಆಕೆ ಗಂಡನ ಪಕ್ಕ ಮಂಡಿಯೂರಿ ಕೂತಳು. ತೋಳಿನ ತುದಿಯಿಂದ ತನ್ನ ಕೈ ತೂರಿಸಿ, ಒಳಗಿಂದ ಅವರ ಬೆರಳುಗಳನ್ನು ಹಿಡಿದು ಮೆಲ್ಲಗೆ ಎಳೆದುಕೊಂಡಳು. ಕೈ ಬಂತು.

“ಮೂರು ವರ್ಷದಿಂದ ಹೀಗೇ ಹಾಕ್ತಿದ್ದೆ,” ಎಂದಳು. “ಆಗ ನಡುಕ, ಹಿಡಿಯೋದೇ ಕಷ್ಟ. ಈಗ ನೋಡು, ಹೇಳಿದ ಮಾತು ಕೇಳುತ್ತೆ.”

ತಮ್ಮ ಮುಖ ತಿರುಗಿಸಿಕೊಂಡ. ಶವ ಒಯ್ಯುವ ವಾಹನ ಹನ್ನೆರಡಕ್ಕೆ ಬರುವುದಿತ್ತು. ಪಕ್ಕದ ಮನೆಯಿಂದ ತಂದ ಕುರ್ಚಿಗಳಲ್ಲಿ ಕೂತವರು ಸತ್ತವರ ಮನೆಯಲ್ಲಿ ಆಡುವ ಮಾತುಗಳನ್ನೇ ಆಡುತ್ತಿದ್ದರು. ಕಚೇರಿಯ ಹಳೆಯ ಹೆಡ್‌ಕ್ಲರ್ಕರ ದನಿ ಎಲ್ಲರಿಗಿಂತ ಮೇಲಿತ್ತು.

“ಬಾಯಲ್ಲಿ ಬೆರಳಿಟ್ರೂ ಕಚ್ಚದ ಮನುಷ್ಯ. ಅವರಿಂದ ಯಾರಿಗಾದ್ರೂ ಒಂದು ಕೇಡಾಗಿದೆ ಅಂತ ತೋರಿಸಿ, ಅರ್ಧ ಮೀಸೆ ಬೋಳಿಸ್ಕೋತೀನಿ.”

ಹೆಡ್‌ಕ್ಲರ್ಕರಿಗೆ ಮೀಸೆಯೇ ಇರಲಿಲ್ಲ. ಆದರೂ ಮಾತು ಎಲ್ಲರಿಗೂ ಹಿಡಿಸಿತು. ಆಕೆ ಮಾತ್ರ ಗುಂಡಿ ಹಾಕುತ್ತಿದ್ದ ಕೈಯನ್ನು ಒಂದು ಗಳಿಗೆ ನಿಲ್ಲಿಸಿದಳು.

*

ಅವರು ಜನನ ಮರಣ ನೋಂದಣಿಯ ಗುಮಾಸ್ತರು. ಹುಟ್ಟಿದವರನ್ನೂ ಸತ್ತವರನ್ನೂ ಒಂದೇ ಅಂದದಲ್ಲಿ ಬರೆದವರು. ಮುತ್ತು ಪೋಣಿಸಿದಂಥ ಅಕ್ಷರ. ಕಣ್ಣಿಗೊತ್ತಿಕೊಳ್ಳಬೇಕು ಅನ್ನುತ್ತಿದ್ದರು ಜನ. ಕಚೇರಿಗೆ ಕಂಪ್ಯೂಟರ್ ಬಂದಾಗ ಅವರಿಗೆ ನಲವತ್ತೆಂಟು. ಅಂದಿನಿಂದ ಅವರ ಪಾಲಿಗೆ ಉಳಿದದ್ದು ಮುದ್ರೆ ಒತ್ತುವ ಕೆಲಸ.

“ಸಂಬಳ ಬರುತ್ತಲ್ಲ, ಒತ್ತಿ,” ಎಂದಿದ್ದಳು ಆಕೆ.

“ಸಂಬಳ ಬರುತ್ತೆ. ಕೈ ಸುಮ್ಮನೆ ಕೂತಿರುತ್ತಲ್ಲ, ಅದು ಬೈದ ಹಾಗಿರುತ್ತೆ ಕಣೇ.”

ಆಮೇಲೊಂದು ದಿನ ಕುಣಿಯುವುದೊಂದು ಬಾಕಿ ಎಂಬಂತೆ ಮನೆಗೆ ಬಂದರು. ಕಣ್ಣು ಕಾಣದ ಮಕ್ಕಳಿಗೆ ಪರೀಕ್ಷೆ ಬರೆದುಕೊಡುವವರು ಬೇಕಂತೆ. ಮಕ್ಕಳು ಉತ್ತರ ಹೇಳಬೇಕು, ಇವರು ಬರೆಯಬೇಕು. ಕೂಡಿಸಬಾರದು, ಬಿಡಬಾರದು, ತಿದ್ದಬಾರದು. ಹೂಂ, ಉಹೂಂ ಎನ್ನುವಂತಿಲ್ಲ.

“ಮನೇಲಿ ನಾನು ಹೇಳಿದ್ದು ಒಂದೂ ಕಿವಿಗೆ ಹಾಕ್ಕೊಳಲ್ಲ. ಅಲ್ಲಿ ಹೇಳಿದ್ದೆಲ್ಲ ಬರೀತೀರಾ?”

“ಅವರು ಮಾರ್ಕ್ಸ್ ತಗೋತಾರೆ. ನೀನು ನನಗೆ ಮಾರ್ಕ್ಸ್ ಹಾಕ್ತೀಯ.”

ಹದಿನಾಲ್ಕು ವರ್ಷ ಬರೆದರು. ಪರೀಕ್ಷೆ ಬಂತೆಂದರೆ ರಜೆ ಹಾಕಿ ಹೋಗುತ್ತಿದ್ದರು, ನಿವೃತ್ತಿಯಾದ ಮೇಲೆ ರಜೆಯ ಕಾಟವೂ ತಪ್ಪಿತು. ಯಾರಾದರೂ ತಪ್ಪು ಉತ್ತರ ಹೇಳಿದ ದಿನ ರಾತ್ರಿ ಊಟ ಸೇರುತ್ತಿರಲಿಲ್ಲ. “ಗೊತ್ತಿದ್ದೂ ಗೊತ್ತಿದ್ದೂ ಕೈಯಾರೆ ಬರೆದೆ ಕಣೇ,” ಎನ್ನುವರು. ಮರುದಿನ ಮತ್ತೆ ಎರಡು ಪೆನ್ನು ಜೇಬಿಗಿಟ್ಟುಕೊಂಡು ಹೊರಡುವರು. ಹಾಗಿದ್ದವರು ಮೂರು ವರ್ಷದ ಹಿಂದೆ ಇದ್ದಕ್ಕಿದ್ದಂತೆ ಬಿಟ್ಟುಬಿಟ್ಟರು. ಏಕೆಂದು ಹೆಂಡತಿಗೆ ಬಿಟ್ಟು ಇನ್ನಾರಿಗೂ ಗೊತ್ತಿರಲಿಲ್ಲ.

*

ಹನ್ನೊಂದೂವರೆಯ ಹೊತ್ತಿಗೆ ಬಿಳಿ ಕೋಲು ಕುರ್ಚಿಯ ಕಾಲಿಗೆ ತಗುಲಿದ ಸದ್ದಾಯಿತು. ಇಪ್ಪತ್ತರ ಆಸುಪಾಸಿನ ಹುಡುಗಿ. ತಮ್ಮ ಕೈಹಿಡಿದು ಕರೆತಂದು ಅಕ್ಕನ ಪಕ್ಕ ಕೂರಿಸಿದ.

“ಅಮ್ಮ, ಸರ್ ನನಗೆ ಆರು ಪರೀಕ್ಷೆ ಬರೆದುಕೊಟ್ಟಿದ್ರು,” ಎಂದಳು ಬಂದವಳು. “ಕೊನೇದು ವಿಜ್ಞಾನ. ಅದರಲ್ಲಿ ಹೋಯ್ತು.”

ಆಕೆ ಅವಳ ಕಡೆ ಪೂರ್ತಿ ತಿರುಗಿದಳು. ಇವಳೇ ಅವಳು. “ಈಗ ಏನು ಮಾಡ್ಕೊಂಡಿದ್ದೀಯಮ್ಮ?”

“ಮಾತ್ರೆ ತುಂಬೋ ಡಬ್ಬ ಮಡಚ್ತೀನಿ, ಒಂದು ಕಂಪನೀಲಿ. ಟೀಚರ್ ಆಗಬೇಕು ಅಂತಿತ್ತು.”

“ಮತ್ತೆ ಪರೀಕ್ಷೆ ಕಟ್ಟಲಿಲ್ವಾ?”

“ಕಟ್ಟೋಣ ಅಂತಲೇ ಸರ್‌ಗೆ ಹೇಳಿಕಳಿಸಿದೆ. ಬರಲ್ಲ ಅಂದ್ರಂತೆ.” ಅವಳು ಕೋಲನ್ನು ಮಡಚಿ ಮಡಿಲಲ್ಲಿಟ್ಟುಕೊಂಡಳು. “ಯಾರಿಗೂ ಇಲ್ಲ ಅನ್ನದವರು ನನಗೆ ಇಲ್ಲ ಅಂದ್ರಲ್ಲಮ್ಮ. ನನ್ನ ಉತ್ತರಾನ ಅಷ್ಟು ಹತ್ತಿರ ಕೂತು ಕೇಳಿದವರು ಅವರೊಬ್ಬರೇ. ಇವಳ ತಲೆ ಇಷ್ಟೇ ಅಂತ ಅವರಿಗೇ ಅನ್ನಿಸಿದ್ಮೇಲೆ ಮುಗೀತು ಅಂತ ನಾನೂ ಬಿಟ್ಟೆ. ಬೇಜಾರಿಲ್ಲ. ಒಂದು ಕೇಳಬೇಕಿತ್ತು ಅಷ್ಟೇ. ಮನೇಲಿ ಯಾವತ್ತಾದ್ರೂ ಅಂದಿದ್ರಾ, ನಾನು ದಡ್ಡಿ ಅಂತ?”

*

ಆ ವಿಜ್ಞಾನ ಪರೀಕ್ಷೆಯ ದಿನ ಮಧ್ಯಾಹ್ನ ಅವರು ಚಪ್ಪಲಿಯನ್ನೂ ಬಿಡದೆ ಒಳಗೆ ಬಂದಿದ್ದರು. ಬಲಗೈಯನ್ನು ಮೇಜಿನ ಮೇಲಿಟ್ಟು ಅದನ್ನೇ ನೋಡುತ್ತ ಕೂತರು. ಹೆಬ್ಬೆರಳು ತನ್ನಷ್ಟಕ್ಕೆ ತಾನೇ ಅದುರುತ್ತಿತ್ತು.

“ಹತ್ತು ಅಂಕದ ಪ್ರಶ್ನೆ. ಹೃದಯದ ಕೋಣೆಗಳದ್ದು. ಎಡ ಹೃತ್ಕುಕ್ಷಿ ಅಂತ ಸರಿಯಾಗಿ ಶುರು ಮಾಡಿದಳು ಕಣೇ. ನನ್ನ ಕೈ ನಿಂತುಬಿಡ್ತು. ಅವಳಿಗೆ ಪೆನ್ನಿನ ಸದ್ದೇ ಕಣ್ಣು. ಹಿಂದಿನ ಐದು ಪರೀಕ್ಷೇಲಿ ಒಂದು ಸಲವೂ ನಿಂತಿರಲಿಲ್ಲ. ಸದ್ದು ನಿಂತ ಕೂಡಲೇ, ತಪ್ಪು ಹೇಳಿದೆ, ಅದಕ್ಕೇ ಸರ್ ಬರೀತಿಲ್ಲ ಅಂದುಕೊಂಡಳು. ‘ಹೊಡೆದುಹಾಕಿ ಸರ್, ಬಲ ಅಂತ ಬರೀರಿ’ ಅಂದಳು. ಉತ್ತರಾನ ಪೂರ್ತಿ ತಿರುವಿ ಹೇಳಿದಳು. ಅಷ್ಟೊತ್ತಿಗೆ ಕೈ ಸರಿಹೋಗಿತ್ತು.”

“ಬರೆದ್ರಾ?”

“ಚೆನ್ನಾಗಿ ಬರೆದೆ. ಮುತ್ತಿನ ಹಾಗೆ.”

“ಕೈ ನೋವು ಅಂತ ಒಂದು ಮಾತು ಅನ್ನಬಾರದಾಗಿತ್ತಾ?”

“ಬಾಯಿ ಬಿಟ್ಟರೆ ಅವಳ ಪತ್ರಿಕೆಯೇ ರದ್ದು.”

ಫಲಿತಾಂಶ ಬಂತು. ನಾಲ್ಕು ಅಂಕಕ್ಕೆ ಹೋಗಿತ್ತು. ಅವರು ಅವಳ ಹಾಸ್ಟೆಲಿನ ಗೇಟಿನವರೆಗೆ ಎರಡು ಸಲ ಹೋಗಿ, ಎರಡು ಸಲವೂ ಹಾಗೇ ತಿರುಗಿ ಬಂದರು. ಅವಳ ಮುಂದೆ ನಿಲ್ಲುವ ಮುಖ ನನಗಿಲ್ಲ ಎಂದರು. ಯಾರಿಗೂ ಹೇಳಬೇಡ ಎಂದು ಹೆಂಡತಿಯಿಂದ ಮಾತು ತೆಗೆದುಕೊಂಡರು. ಆಮೇಲೆ ಪೆನ್ನು ಹಿಡಿಯಲಿಲ್ಲ.

*

ಆಕೆ ಗಂಡನಿಗೆ ಮಾತು ಕೊಟ್ಟಿದ್ದಳು. ಇನ್ನರ್ಧ ಗಂಟೆ ಬಾಯಿ ಮುಚ್ಚಿಕೊಂಡಿದ್ದರೆ ಸಾಕು, ಗಂಡ ಒಳ್ಳೆಯ ಹೆಸರು ಹೊತ್ತು ಹೋಗುತ್ತಾರೆ. ಅದನ್ನು ಅವರು ಜೀವ ತೇಯ್ದು ಗಳಿಸಿದ್ದರು. ಮಕ್ಕಳಿಲ್ಲದ ಮನೆ, ಇಷ್ಟು ಜನ ಬಂದದ್ದು ಆ ಹೆಸರಿಗೇ. ಆದರೆ ಪಕ್ಕದಲ್ಲಿ ಕೂತವಳು ತಲೆ ಓರೆ ಮಾಡಿ ಕಾಯುತ್ತಿದ್ದಳು, ಮೂರು ವರ್ಷದಿಂದ ತನ್ನನ್ನು ದಡ್ಡಿ ಎಂದು ನಂಬಿಕೊಂಡು.

“ನಿನ್ನ ತಪ್ಪಲ್ಲ ಕಣಮ್ಮ,” ಎಂದಳು ಆಕೆ.

ಹೇಳಿದಳು. ಪಿಸುಗುಟ್ಟಲಿಲ್ಲ. ಕೈ ನಿಂತದ್ದು, ಪೆನ್ನಿನ ಸದ್ದು ನಿಂತದ್ದಕ್ಕೆ ಅವಳು ತನ್ನ ಉತ್ತರವೇ ತಪ್ಪೆಂದು ತಿಳಿದದ್ದು, ಗೇಟಿನಿಂದ ತಿರುಗಿ ಬಂದದ್ದು, ಎಲ್ಲವನ್ನೂ. ಹೆಡ್‌ಕ್ಲರ್ಕ್ ನೆಲ ನೋಡಿದರು.

“ಅಂದ್ರೆ ನಾನು ಮೊದಲು ಹೇಳಿದ್ದೇ ಸರಿ ಇತ್ತಾ?”

“ಸರಿ ಇತ್ತು.”

“ಮೂರು ವರ್ಷ ಅಮ್ಮ.” ಅವಳ ದನಿ ಒಡೆಯಿತು. “ಬಂದು ಒಂದು ಮಾತು ಹೇಳಿದ್ರೆ ಆಗ್ತಿತ್ತು.”

“ಆಗ್ತಿತ್ತು. ಅವರೂ ಹೇಳಲಿಲ್ಲ, ನಾನೂ ಹೇಳಲಿಲ್ಲ.”

ಅವಳು ಅತ್ತಳು. ಗಂಡನಿಗಾಗಿ ಬೆಳಗಿನಿಂದ ಅಳದ ಆಕೆಯೂ ಅತ್ತಳು. ಒಬ್ಬರನ್ನೊಬ್ಬರು ಸಮಾಧಾನ ಮಾಡಲು ಹೋಗಲಿಲ್ಲ. ಹೊರಗೆ ವಾಹನ ಬಂದು ನಿಂತಿತು. ಎತ್ತಲು ನಾಲ್ವರು ಬಾಗಿಲಿಗೆ ಬಂದರು.

“ಸರ್ ತಲೆ ಯಾವ ಕಡೆ?” ಎಂದಳು ಅವಳು, ಮೂಗು ಒರೆಸಿಕೊಂಡು.

ಆಕೆ ಅವಳ ಭುಜ ಹಿಡಿದು ಕರೆದೊಯ್ದು ಕೂರಿಸಿದಳು. ಅವಳು ನೆಟ್ಟಗೆ ಕೂತು, ಎರಡೂ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡಳು. ಗಂಟಲು ಸರಿಮಾಡಿಕೊಂಡಳು.

“ಪ್ರಶ್ನೆ ಹದಿನಾಲ್ಕು ಸರ್,” ಎಂದಳು. “ಎಡ ಹೃತ್ಕುಕ್ಷಿಯ ಗೋಡೆಯು ಬಲ ಹೃತ್ಕುಕ್ಷಿಯ ಗೋಡೆಗಿಂತ ದಪ್ಪವಾಗಿರುತ್ತದೆ. ಪೂರ್ಣವಿರಾಮ.”

ಒಂದು ಸಾಲು ಬರೆಯಲು ಬೇಕಾಗುವಷ್ಟು ಹೊತ್ತು ಸುಮ್ಮನಿದ್ದಳು.

“ಏಕೆಂದರೆ, ಅಲ್ಪವಿರಾಮ, ಇಡೀ ದೇಹಕ್ಕೆ ರಕ್ತವನ್ನು ತಳ್ಳುವ ಕೆಲಸ ಅದರದೇ. ಪೂರ್ಣವಿರಾಮ.”

“ಅಕ್ಕ, ಹೊತ್ತಾಯ್ತು,” ಎಂದ ತಮ್ಮ.

“ತಾಳು. ಉತ್ತರ ಮುಗೀಲಿ.”

ಎತ್ತಲು ಬಂದವರು ಗೋಡೆಗೆ ಒತ್ತಿ ನಿಂತರು. ಅವಳು ಮುಂದಿನ ವಾಕ್ಯ ಹೇಳಿ, ಕಾದಳು.