ಉಡಿಗೆ ಹಾಕಿದ ಖಣ

ಆದವಾನಿಯ ಸೋಮಶೇಖರಪ್ಪನವರ ಜವಳಿ ಅಂಗಡಿಗೆ ಮೂರು ಬಾಗಿಲು. ಮಿಕ್ಕವರ ಅಂಗಡಿಗಳಿಗೆಲ್ಲ ಒಂದೊಂದೇ ಬಾಗಿಲಿದ್ದ ಕಾಲದಲ್ಲಿ ಅದೇ ದೊಡ್ಡ ಸುದ್ದಿ. ಪಕ್ಕದ ಭೀಮಲಿಂಗಪ್ಪನ ಸಣ್ಣ ಅಂಗಡಿಯಲ್ಲಿ ಅಳೆದು ಕೊಟ್ಟ ಮೇಲೂ ನಾಲ್ಕು ಬೆರಳು ಬಟ್ಟೆ ಹೆಚ್ಚಿಗೆ ಬಿಡುತ್ತಿದ್ದರು, ದಣಿದು ಬಂದವರಿಗೆ ನೀರು ಕೊಡುತ್ತಿದ್ದರು. ಆದರೂ ಹಳ್ಳಿಯ ಜನ ಅವನನ್ನು ದಾಟಿಕೊಂಡು ಮೂರು ಬಾಗಿಲ ಕಡೆಗೇ ಹೋಗುತ್ತಿದ್ದರು. ಬಾಗಿಲು ಎಣಿಸಿ ಬಟ್ಟೆ ಕೊಳ್ಳುವ ಜನಕ್ಕೆ ಯಾರೇನು ಹೇಳಲಾದೀತು!

ಆ ಅಂಗಡಿಯ ಒಳಮಗ್ಗುಲಲ್ಲಿ ಪರದೆ ಕಟ್ಟಿ ಹೆಂಗಸರಿಗೆಂದೇ ಬೇರೆ ಗಾದಿ ಹಾಕಿಸಿದ್ದರು. ಅಲ್ಲಿ ಕೂತು ಸೀರೆ ತೋರಿಸುವ ಕೆಲಸ ಬಸಲಿಂಗಮ್ಮನದು. ಗಂಡ ಏಕಾಂತಪ್ಪ ಹತ್ತಿ ಬಿಡಿಸುವ ಜಿನ್ ಯಂತ್ರಕ್ಕೆ ಬಲಗೈ ಕೊಟ್ಟು ಮನೆ ಹಿಡಿದ ಮೇಲೆ ಒಲೆ ಹೊತ್ತುತ್ತಿದ್ದುದು ಈ ಗಾದಿಯಿಂದಲೇ. ಬಂದವರಿಗೆ ಕುಂಕುಮ ಹಚ್ಚಿ, ಎಲೆ ಅಡಿಕೆ ಕೊಟ್ಟು, ‘ಇದು ನಿಮ್ಮ ತವರುಮನಿ ಅಂತ ತಿಳೀರಿ’ ಎನ್ನಬೇಕೆಂದು ಸಾವುಕಾರರೇ ಹೇಳಿಕೊಟ್ಟಿದ್ದರು. ಆ ಬಂದವರು ಏನೂ ಕದಿಯದಂತೆ ಕಣ್ಣಿಡಬೇಕೆಂದು ಹೇಳಿದವರೂ ಸಾವುಕಾರರೇ. ಚೀಟಿಯಿಲ್ಲದೆ ಒಂದು ಎಳೆ ನೂಲೂ ಬಾಗಿಲು ದಾಟುವಂತಿರಲಿಲ್ಲ. ಇವಳಿಗಿಂತ ಮೊದಲು ಆ ಗಾದಿಯಲ್ಲಿದ್ದ ಕೊಟ್ರಮ್ಮನನ್ನು ಒಂದು ತುಂಡು ಬಟ್ಟೆಗಾಗಿ ಬೀದಿಯಲ್ಲಿ ನಿಲ್ಲಿಸಿ ಕಳ್ಳಿ ಎಂದು ಕೂಗಿಸಿದ್ದರು. ಆಮೇಲೆ ಊರಲ್ಲಿ ಯಾರೂ ಆಕೆಯನ್ನು ಮುಸುರೆ ತಿಕ್ಕಲೂ ಕರೆಯಲಿಲ್ಲ. ಅದನ್ನು ಕಣ್ಣಾರೆ ಕಂಡಿದ್ದ ಬಸಲಿಂಗಮ್ಮ ದಿನವೂ ಮನೆಗೆ ಹೊರಡುವಾಗ ತನ್ನ ಸೆರಗನ್ನು ತಾನೇ ಎರಡು ಸಲ ಝಾಡಿಸಿ ನೋಡಿಕೊಳ್ಳುವಳು.

ಯುದ್ಧ ನಡೆದಿತ್ತು. ಬಟ್ಟೆಗೆ ಸರಕಾರದ ಕಂಟ್ರೋಲು ಬಂದು, ಕಟ್ಟಿದ ದರಕ್ಕೇ ಮಾರಬೇಕಾಗಿತ್ತು. ಒಂದು ಮಧ್ಯಾಹ್ನ ಪೆದ್ದಹರಿವಾಣದಿಂದ ನಡೆದುಕೊಂಡೇ ಬಂದ ಉಚ್ಚಮ್ಮ ಎಂಬ ಹುಡುಗಿ ಪರದೆ ಸರಿಸಿ ಒಳಗೆ ಬಂದಳು. ಏಳು ತಿಂಗಳ ಬಸುರಿ, ಸೀಮಂತದ ಕುಬುಸ ಮಾಡುವ ಹೊತ್ತು. ಕಾಲು ಮೊಣಕಾಲತನಕ ಧೂಳು.

“ಯಕ್ಕಾ, ಕಂಟ್ರೋಲ್ ಸೀರಿ ಬಂದಾವಂತಲ್ಲ. ಹಸರುದೊಂದು ಕೊಡ್ರಿ. ನನ್ನ ಕುಬುಸ ಐತಿ.”

“ಕುಬುಸದ ಸೀರಿ ತವರಿನವ್ರು ತರಬೇಕಲ್ಲೇನು ತಂಗಿ?”

“ತವರಾಗ ಯಾರೂ ಉಳಿದಿಲ್ಲಕ್ಕ. ನನ್ನ ಗಂಡ ಎರಡು ಕುರಿ ಮಾರ್ಯಾನ. ನಾನ ತಗಂಡು ಹೋಗಿ, ತವರಿಂದ ಬಂತು ಅಂತ ಉಟ್ಕಂತೀನಿ.” ಹಾಗೆಂದು ಆ ಹುಡುಗಿ ನಕ್ಕಳು.

ಕಂಟ್ರೋಲು ಸೀರೆಯ ಮೂರು ಗಂಟು ಒಳಕೋಣೆಯಲ್ಲೇ ಇದ್ದವು. ಎರಡು ಪಟ್ಟು ಕೊಡುವವರಿಗಲ್ಲದೆ ಅವನ್ನು ಬಿಚ್ಚುತ್ತಿರಲಿಲ್ಲ. ಬಸಲಿಂಗಮ್ಮ ಕಲಿತ ಮಾತನ್ನೇ ಆಡಿದಳು: “ಮುಗದಾವ ತಂಗಿ.”

ಉಚ್ಚಮ್ಮ ಎದ್ದಳು. ಬಸಲಿಂಗಮ್ಮ ಅವಳ ಹಣೆಗೆ ಕುಂಕುಮ ಹಚ್ಚಿದಳು. ಬಸುರಿ ಹೆಂಗಸನ್ನು ಬರಿ ಉಡಿಯಲ್ಲಿ ಕಳಿಸಿ ಗೊತ್ತಿಲ್ಲದ ಕೈ ಅದು. ಎಲೆ ಅಡಿಕೆಯ ಜತೆ ಪಕ್ಕದಲ್ಲಿದ್ದ ಕುಪ್ಪಸದ ಒಂದು ಹಸಿರು ಖಣವನ್ನೂ ಎತ್ತಿ, ಆ ಹುಡುಗಿ ಒಡ್ಡಿದ ಸೆರಗಿಗೆ ಹಾಕಿಬಿಟ್ಟಿತು. ಹಾಕಿದ ಮೇಲೆ ನೆನಪಾಯಿತು, ಇದು ತನ್ನ ಮನೆಯಲ್ಲ. ವಾಪಸು ಕೇಳುವುದು ಹೇಗೆ? ತುಂಬಿದ ಉಡಿಗೆ ಮತ್ತೆ ಕೈ ಹಾಕಿದರೆ ಹೊಟ್ಟೆಯ ಕೂಸಿಗೆ ಕೇಡು ಎಂದು ಕೇಳುತ್ತಲೇ ಬೆಳೆದವಳು ಆಕೆ. ಉಚ್ಚಮ್ಮ ಕಣ್ಣು ತುಂಬಿಕೊಂಡು, ಬಗ್ಗಲಾರದೆ ಬಗ್ಗಿ ಆಕೆಯ ಕಾಲು ಮುಟ್ಟಿ ಹೊರಟಳು. ದೇವರೇ, ಒಂದು ಸಲ ಬಾಗಿಲು ದಾಟಲಿ ಎಂದು ಬಸಲಿಂಗಮ್ಮ ಪರದೆಯಾಚೆಗೆ ಕಿವಿಯಿಟ್ಟು ಕೂತಳು.

ದಾಟಲಿಲ್ಲ.

“ಉಡ್ಯಾಗ ಏನಮ್ಮಾ ಅದು? ಚೀಟಿ ಐತೇನು?” ಕಾವಲಿನ ಯರ್ರೆಪ್ಪನ ದನಿ.

“ಒಳಗ ಯಕ್ಕ ಉಡಿ ತುಂಬ್ಯಾಳಪ್ಪ.”

ನೆರೆದ ಗಿರಾಕಿಗಳೆಲ್ಲ ತಿರುಗಿ ನೋಡಿದರು. ಸಾವುಕಾರರು ಗಾದಿಯಿಂದ ಎದ್ದು ಬಂದರು. “ಬಸಲಿಂಗಮ್ಮಾ! ಬಾಯಿಲ್ಲಿ. ನೀ ಕೊಟ್ಟೇನು ಈಕಿಗೆ?”

ಆ ಹುಡುಗಿ ನಿಶ್ಚಿಂತೆಯಿಂದ ನಿಂತಿದ್ದಳು. ಯಕ್ಕ ಹೌದೆನ್ನುತ್ತಾಳೆ, ಮುಗಿಯಿತು ಎಂದುಕೊಂಡವಳಂತೆ. ಬಸಲಿಂಗಮ್ಮನ ಕಣ್ಣಿಗೆ ಮಾತ್ರ ಬೀದಿಯಲ್ಲಿ ನಿಂತ ಕೊಟ್ರಮ್ಮ ಕಂಡಳು, ಎಡಗೈಯಲ್ಲಿ ತುತ್ತು ಕಲಸುವ ಗಂಡ ಕಂಡ.

“ಇಲ್ಲರಿ.”

“ತಗಿಯೋ ಯರ್ರೆಪ್ಪ.”

ಯರ್ರೆಪ್ಪ ಎರಡು ಹೆಜ್ಜೆ ಹಿಂದೆ ಸರಿದ. “ಬಸುರಿ ಉಡಿಗೆ ನಾ ಕೈ ಹಾಕಂಗಿಲ್ಲರಿ, ಸಾವ್ಕಾರ್ರ. ಏನರ ಅನ್ರಿ.”

“ಹಂಗಾರ ನೀ ತಗಿ ಬಸಲಿಂಗಮ್ಮ. ಮತ್ತ್ಯಾಕ ಇಟ್ಟೀನಿ ನಿನ್ನ? ಜಲ್ದಿ!”

ಯರ್ರೆಪ್ಪನಂಥವನು ಆಗೋದಿಲ್ಲ ಎಂದ, ಯಾರೂ ಅವನ ತಲೆ ತೆಗೆಯಲಿಲ್ಲ. ಆಕೆಯೂ ಹಾಗೆನ್ನಬಹುದಿತ್ತು. ಆದರೆ ಹೆದರಿದವರಿಗೆ ಅಂಥ ಲೆಕ್ಕ ಹೊಳೆಯುವುದಿಲ್ಲ. ತಾನೇ ತುಂಬಿದ ಉಡಿಗೆ ಬಸಲಿಂಗಮ್ಮ ಕೈ ಹಾಕಿದಳು. ಬೆರಳಿಗೆ ಖಣ ಸಿಕ್ಕ ಹೊತ್ತಿಗೇ ಒಳಗಿನ ಕೂಸು ಮಿಸುಕಿ ಅಂಗೈಯ ಹಿಂಬದಿಗೆ ತಾಗಿತು. ಆದರೂ ಖಣ ಬಿಡಲಿಲ್ಲ, ಎಳೆದು ತೆಗೆದಳು.

ಉಚ್ಚಮ್ಮ ಅಳಲಿಲ್ಲ, ಬೈಯಲಿಲ್ಲ. ಸೆರಗನ್ನು ಇನ್ನೂ ಹಾಗೇ ಹಿಡಿದುಕೊಂಡು ಮೆಲ್ಲಗೆ ಅಂದಳು: “ಎಲಿ ಅಡಿಕಿನೂ ಅಂಗಡೀವ ಅದಾವಕ್ಕ. ಅವನ್ನೂ ತಗೊ.”

ಬಸಲಿಂಗಮ್ಮ ಅವನ್ನೂ ತೆಗೆದಳು.

“ಹೋಗಲಿ ಬಿಡ್ರಿ, ಬಸುರಿ ಅದಾಳ,” ಎಂದು ಸಾವುಕಾರರು ಎಲ್ಲರಿಗೂ ಕೇಳುವಂತೆ ದೊಡ್ಡ ಮನಸ್ಸು ಮಾಡಿದರು. ಗಿರಾಕಿಗಳು ತಲೆದೂಗಿ ಮತ್ತೆ ಸೀರೆ ಆರಿಸತೊಡಗಿದರು. ಒಬ್ಬರೂ ಎದ್ದು ಹೋಗಲಿಲ್ಲ.

ಅಲ್ಲಿಂದ ಬಸಲಿಂಗಮ್ಮನಿಗೆ ಬೇರೆಯೇ ಭಯ ಹತ್ತಿತು. ಕೆಲಸ ಹೋಗುವ ಭಯಕ್ಕಿಂತ ಇದು ದೊಡ್ಡದು. ಎಂಟು ತುಂಬಿತು, ಒಂಬತ್ತು ತುಂಬಿತು ಎಂದು ಬೆರಳು ಮಡಚುವಳು. ಊಟ ಕಲಸಿದರೆ ಅಂಗೈಯ ಹಿಂದೆ ಆ ಮಿಸುಕಾಟ. ಪೆದ್ದಹರಿವಾಣದವರು ಬಂದರೆ ಕೇಳಬೇಕೆಂದು ಬಾಯಿ ತೆರೆಯುವಳು, ಯಾವ ಬಣ್ಣದ ಸೀರೆ ಬೇಕೆಂದಷ್ಟೇ ಕೇಳಿ ಮುಚ್ಚುವಳು.

ಮೂರು ತಿಂಗಳು ಕಳೆದ ಮೇಲೆ ಪಕೀರಮ್ಮ ಎಂಬ ಮುದುಕಿ ಪರದೆ ಸರಿಸಿದಳು. ಸೀರೆ ಕೇಳಲಿಲ್ಲ.

“ನಾ ಪೆದ್ದಹರಿವಾಣದಾಕಿ. ಇಲ್ಲಿ ಬಸಲಿಂಗಮ್ಮ ಅಂಬಾಕಿ ಯಾರವ್ವ? ನಮ್ಮ ಉಚ್ಚಮ್ಮ ಒಂದು ಮಾತು ಹೇಳಿ ಕಳಿಸ್ಯಾಳ.”

ಬಸಲಿಂಗಮ್ಮನ ಕೈಯಲ್ಲಿದ್ದ ಸೀರೆ ಜಾರಿತು. ಮುದುಕಿಯ ಮುಖದಲ್ಲಿ ನಗುವಿದೆಯೋ ಅಳುವಿದೆಯೋ ನೋಡಲು ಧೈರ್ಯ ಸಾಲದೆ ಆಕೆಯ ಕಾಲನ್ನೇ ನೋಡುತ್ತ ಅಂದಳು:

“ಬಸಲಿಂಗಮ್ಮನೇನ್ರಿ? ಆಕಿ ಕೆಲಸ ಬಿಟ್ಟು ಹೋದಳ್ರಿ. ಎಲ್ಲಿ ಅದಾಳೋ ನಮಗ ಗೊತ್ತಿಲ್ಲ.”

“ಅಯ್ಯ ಶಿವನೆ. ಬ್ಯಾರೇರ ಮುಂದ ಹೇಳಬ್ಯಾಡ, ಆಕಿಗೇ ಹೇಳು ಅಂದಿದ್ದಳವ್ವ,” ಎಂದು ಮುದುಕಿ ಪರದೆ ಬಿಟ್ಟು ಹೋದಳು.

ಬಸಲಿಂಗಮ್ಮ ಬಿದ್ದ ಸೀರೆಯನ್ನು ಎತ್ತಿ ಮಡಚಿಟ್ಟಳು. ಕೂಸು ಉಳಿಯಿತೋ ಇಲ್ಲವೋ, ಆಕೆಗೆ ಕೊನೆಗೂ ತಿಳಿಯಲಿಲ್ಲ.